ಸ್ವರ ಕೇಳಿ ಕಳ್ಳನನ್ನು ಹಿಡಿದವರು

ಹೋದ ತಿಂಗಳು ಬೈಲಹೊಂಗಲದಲ್ಲಿ ನಮ್ಮ ಸಂಗೀತ ಮಾಸ್ತರರ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರ ಕಿವಿಯನ್ನೇ ಹೊಗಳಿದರು. ಕಂಠದ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಹೇಳುವಂಥದ್ದು ಅಲ್ಲಿ ಇರಲೂ ಇಲ್ಲ. ಹೈಸ್ಕೂಲಿನಲ್ಲಿ ಒಂದು ಆಯುಷ್ಯವಿಡೀ ಸಂಗೀತ ಕಲಿಸಿದ ಮನುಷ್ಯ, ಅವರ ಕೈಯಲ್ಲಿ ಕಲಿತು ಹಾಡುಗಾರರಾದವರು ಒಬ್ಬರೂ ನನಗೆ ಗೊತ್ತಿಲ್ಲ. ಆದರೆ ಕಿವಿ ಮಾತ್ರ ಸಾಮಾನ್ಯದ್ದಲ್ಲವಂತೆ. "ಸ್ವರ ಕೇಳಿ ಕಳ್ಳನ್ನ ಹಿಡದ ಕಿವಿರಿ ಅದು," ಎಂದು ಭಜನಾ ಮಂಡಳಿಯ ಅಧ್ಯಕ್ಷರು ಕಣ್ಣೊರೆಸಿಕೊಂಡರು. ಜನ ತಲೆದೂಗಿದರು. ನಾನೂ ದೂಗಿದೆ. ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವನು ನಾನು. ಆ ಕಿವಿಯ ಪಕ್ಕದ ಸೀಟಿನಲ್ಲಿ ಕೂತು ವರ್ಷಗಟ್ಟಲೆ ಸಿನಿಮಾ ನೋಡಿದ್ದೇನೆ. ಅದರ ಯೋಗ್ಯತೆ ನನಗೆ ಗೊತ್ತಿದ್ದಷ್ಟು ಆ ಸಭೆಯಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ.

ಮಾಸ್ತರರಿಗೆ ಇದ್ದದ್ದು ಒಂದೇ ಚಟ. ಕೊಲೆಯ ಸಿನಿಮಾ, ಅದೂ ಸಂಗೀತ ಇರುವ ಕೊಲೆಯ ಸಿನಿಮಾ. ಕೊಲೆಗಾರ ಕತ್ತಿ ತೆಗೆಯುವ ಮೊದಲು ಒಂದು ಧಾಟಿಯಲ್ಲಿ ಸಿಳ್ಳೆ ಹಾಕಬೇಕು. ಇಲ್ಲವೇ ಹಾಳು ಬಂಗಲೆಯೊಳಗೆ ಯಾರೋ ಹೆಂಗಸು ಹಾಡಬೇಕು. ಗಾಯಕಿಯೊಬ್ಬಳು ಆಲಾಪದ ನಡುವೆಯೇ ವೇದಿಕೆಯ ಮೇಲೆ ಕುಸಿದು ಸಾಯಬೇಕು, ಕುರುಡ ವಯಲಿನ್ ವಾದಕ ಸಾಕ್ಷಿ ಹೇಳಬೇಕು. ಅಂಥದ್ದೊಂದು ಬಂದಿದೆ ಎಂದು ಗೊತ್ತಾದರೆ ಸಾಕು, ಕಿತ್ತೂರಿರಲಿ ರಾಮದುರ್ಗವಿರಲಿ, ರವಿವಾರ ಮಧ್ಯಾಹ್ನದ ಆಟಕ್ಕೆ ನನ್ನನ್ನು ಬಸ್ಸು ಹತ್ತಿಸುತ್ತಿದ್ದರು. ಒಳ್ಳೊಳ್ಳೆಯ ಹಾಡುಗಳಿದ್ದ ಭಕ್ತಿ ಸಿನಿಮಾಗಳಿಗೆ ಒಮ್ಮೆಯೂ ಕರೆದವರಲ್ಲ. ಯಾಕೆಂದು ಕೇಳಿದ್ದಕ್ಕೆ, "ಅದರಾಗ ಹೆಣಾ ಬೀಳಂಗಿಲ್ರಿ, ನೋಡೂದೇನೈತಿ?" ಎಂದಿದ್ದರು.

ಇನ್ನು ಅವರು ನೋಡುವ ರೀತಿ. ದೀಪ ಆರಿದೊಡನೆ ಚಪ್ಪಲಿ ಕಳಚಿ, ಎರಡೂ ಕಾಲು ಸೀಟಿನ ಮೇಲೆ ಎಳೆದುಕೊಂಡು, ಬಲಗಿವಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಕಣ್ಣಿಗೆ ತೋರಿಸುವುದೆಲ್ಲ ಮೋಸ, ಕಿವಿಗೆ ಮೋಸ ಮಾಡಲು ಯಾರಪ್ಪನಿಂದಲೂ ಆಗದು ಎಂಬುದು ಅವರ ಸಿದ್ಧಾಂತ. ಹಾಗಿದ್ದರೆ ಒಳಗ್ಯಾಕೆ ಬರಬೇಕು, ಹೊರಗೆ ಗೋಡೆಗೆ ಕಿವಿ ಹಚ್ಚಿ ನಿಂತರೂ ನಡೆಯುತ್ತಿತ್ತಲ್ಲ ಎಂದು ನಾನು ಒಮ್ಮೆ ಕೇಳಿದೆ. ಆ ದಿನ ವಾಪಸ್ಸು ಬರುವ ಬಸ್ಸಿನಲ್ಲಿ ಅವರು ಬೇರೆ ಸೀಟಿನಲ್ಲಿ ಕೂತರು.

ಸಿದ್ಧಾಂತದ ಉಳಿದ ಭಾಗ ಹೀಗಿತ್ತು. ಕೊಲೆ ಮಾಡಿದವರು ಯಾರೆಂಬುದನ್ನು ನಿರ್ದೇಶಕ ಕೊನೆಯವರೆಗೂ ಮುಚ್ಚಿಡುತ್ತಾನೆ. ಆದರೆ ಹಿನ್ನೆಲೆ ಸಂಗೀತ ಮಾಡುವವನಿಗೆ ಕಥೆ ಮೊದಲೇ ಗೊತ್ತಿರುತ್ತದೆ, ಪಾಪ, ಅವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಕೊಲೆಗಾರ ಪರದೆಯ ಮೇಲೆ ನಗುತ್ತ ಬಂದರೂ ಹಿಂದೆ ಎಲ್ಲೋ ಸಾರಂಗಿ ನರಳುತ್ತದೆ, ಇಲ್ಲವೇ ತಬಲಾದ ಎಡಗೈಯ ಬಾಯಾ ಒಂದು ಸಲ ಗುಂ ಎನ್ನುತ್ತದೆ. ಅದನ್ನು ಹಿಡಿದರೆ ಮುಗಿಯಿತು. ಮಧ್ಯಂತರದಲ್ಲಿ ಮಿರ್ಚಿ ಭಜಿ ತಿನ್ನುತ್ತ ಮಾಸ್ತರರು ತೀರ್ಪು ಕೊಡುತ್ತಿದ್ದರು. ಅದೂ ಮೆಲ್ಲಗಲ್ಲ, ಆಚೀಚೆ ನಿಂತ ಹತ್ತು ಜನಕ್ಕೆ ಕೇಳುವಂತೆ. ರಾಮದುರ್ಗದಲ್ಲಿ ಒಮ್ಮೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿದ್ದ ಗೃಹಸ್ಥನೊಬ್ಬ, ಇನ್ನೊಂದು ಮಾತಾಡಿದರೆ ಎರಡನೆಯ ಹೆಣ ಇಲ್ಲೇ ಬೀಳುತ್ತದೆ ಎಂದು ಅವರ ಕೊರಳಪಟ್ಟಿಗೆ ಕೈ ಹಾಕಿದ್ದ. ನಾನು ನಡುವೆ ಹೋಗಿ ಬಿಡಿಸಿದೆ. ಬಿಡಿಸಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

ತೀರ್ಪು ತಪ್ಪುತ್ತಿರಲಿಲ್ಲವೇ ಎಂದರೆ, ತಪ್ಪುತ್ತಿತ್ತು. ಆದರೆ ತಪ್ಪು ಅವರದಾಗುತ್ತಿರಲಿಲ್ಲ. ಒಂದು ಸಿನಿಮಾದಲ್ಲಿ ಅವರು ಡಾಕ್ಟರನ ಮೇಲೆ ಬೆರಳಿಟ್ಟಿದ್ದರು, ಕೊನೆಗೆ ಕೊಲೆ ಮಾಡಿದವನು ಅಳಿಯ ಎಂದಾಯಿತು. ಹೊರಗೆ ಬಂದ ಮಾಸ್ತರರು ಚಪ್ಪಲಿ ಬಡಿಯುತ್ತ ಮುಂದೆ ಮುಂದೆ ನಡೆದರು. ಬಸ್ ನಿಲ್ದಾಣದ ಹತ್ತಿರ ಬಂದಮೇಲೆ, "ಸಿನಿಮಾದವರು ತಪ್ಪ್ಯಾರ್ರಿ ಸರ್. ಸಂಗೀತದ ಪ್ರಕಾರ ಡಾಕ್ಟರನ," ಎಂದರು. ಸುಮ್ಮನೆ ಅಂದದ್ದಲ್ಲ. ನಿರಪರಾಧಿ ಅಳಿಯನಿಗೆ ಶಿಕ್ಷೆಯಾಯಿತೆಂದು ಒಂದು ವಾರ ಸ್ಟಾಫ್ ರೂಮಿನಲ್ಲಿ ನಿಜವಾಗಿ ಮರುಗಿದರು. ನಿರಪರಾಧಿಗಳ ಬಗ್ಗೆ ಅವರಿಗೆ ಅಷ್ಟು ಕಾಳಜಿ.

ಅವರನ್ನು ಪೂರ್ತಿ ಕೆಡಿಸಿದ್ದು ಮಾತ್ರ ಒಂದೇ ಸಿನಿಮಾ. ಸಿತಾರ್ ಗುರು ಒಬ್ಬನನ್ನು ಅವನ ಶಿಷ್ಯರಲ್ಲೇ ಯಾರೋ ಕೊಂದಿರುತ್ತಾರೆ. ಕೊನೆಯ ದೃಶ್ಯದಲ್ಲಿ ಪತ್ತೇದಾರ ಶಿಷ್ಯರನ್ನೆಲ್ಲ ಸಾಲಾಗಿ ಕೂರಿಸಿ ಒಬ್ಬೊಬ್ಬರಿಂದ ನುಡಿಸುತ್ತಾನೆ. ತಾನು ಕಣ್ಣು ಮುಚ್ಚಿ ಕೂತಿರುತ್ತಾನೆ. ಐದನೆಯವನು ನುಡಿಸುತ್ತಿರುವಾಗ ಮೆಲ್ಲಗೆ ಕೈ ಎತ್ತುತ್ತಾನೆ. ಅಷ್ಟೇ, ಕೊಲೆಗಾರನ ಕೈಯಿಂದ ಸಿತಾರ್ ಜಾರಿ ಬೀಳುತ್ತದೆ. ಅದನ್ನು ಮಾಸ್ತರರು ಮೂರು ಸಲ ನೋಡಿದರು. ಮೂರನೆಯ ಸಲ ಆ ದೃಶ್ಯದಲ್ಲಿ ಅವರ ಬಲಗೈ ತಾನಾಗಿ ಮೇಲೆದ್ದದ್ದನ್ನು ನಾನು ಕತ್ತಲಲ್ಲೂ ಕಂಡೆ.

ಕೂಡಲೇ ಅದರ ಪ್ರಯೋಗ ನಮ್ಮ ಮೇಲಾಯಿತು. ಸ್ಟಾಫ್ ರೂಮಿನಲ್ಲಿ ಯಾರದೋ ಡಬ್ಬಿಯಿಂದ ಎರಡು ದಿನ ಚಪಾತಿ ಮಾಯವಾದವು. ಮಾಸ್ತರರು ಎಲ್ಲರನ್ನೂ ನಿಲ್ಲಿಸಿ ಒಬ್ಬೊಬ್ಬರಿಂದ 'ಸಾ' ಹೇಳಿಸಿದರು. ತಪ್ಪು ಮಾಡಿದವನ ಷಡ್ಜ ನಿಲ್ಲುವುದಿಲ್ಲವಂತೆ. ನೆಗಡಿ ಬಂದಿದ್ದ ಜವಾನನ 'ಸಾ' ನಡುಗಿತು, ಅವನೇ ಕಳ್ಳ ಎಂದಾಯಿತು. ನಾಲ್ಕನೆಯ ದಿನ ಕಿಟಕಿಯಿಂದ ಇಳಿದ ಬೆಕ್ಕು ಡಬ್ಬಿಯ ಮುಚ್ಚಳ ಎತ್ತುವುದನ್ನು ಎಲ್ಲರೂ ನೋಡಿದರು. ಜವಾನ ನಕ್ಕು ಬಿಟ್ಟುಬಿಟ್ಟ. ಮಾಸ್ತರರು ಮಾತ್ರ ಅವನ 'ಸಾ' ಸರಿಯಿಲ್ಲ ಎಂಬ ಮಾತನ್ನು ಬಿಡಲಿಲ್ಲ.

ಇದಾದ ಮರುವರ್ಷ, ಮಾಸ್ತರರೂ ನಾನೂ ಸೋಮವಾರ ಹೋಗುತ್ತಿದ್ದ ನಮ್ಮೂರಿನ ಭಜನಾ ಮಂಡಳಿಯ ಪೇಟಿ ಕಳುವಾಯಿತು. ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಹಳೆಯ ಕಾಲದ್ದು, ಒಳ್ಳೆಯ ನಾದದ್ದು. ಅದರ ಒಂದು ಸ್ವರದಲ್ಲಿ, ನಡುವಿನ ಸಪ್ತಕದ ಕೋಮಲ ನಿಷಾದದಲ್ಲಿ, ಸಣ್ಣ ನಡುಕವಿತ್ತು. ಒಳಗೆ ಪ್ರತಿ ಸ್ವರಕ್ಕೂ ಹಿತ್ತಾಳೆಯ ಒಂದು ಪುಟ್ಟ ನಾಲಗೆ ಇರುತ್ತದೆ, ರೀಡು ಎನ್ನುತ್ತಾರೆ. ಆ ರೀಡು ಸವೆದಿತ್ತು. ಆ ನಡುಕ ಎಂದರೆ ಮಾಸ್ತರರಿಗೆ ಎಲ್ಲಿಲ್ಲದ ಹೆಮ್ಮೆ. ಪ್ರತಿ ಭಜನೆಯಲ್ಲೂ ಆ ಸ್ವರದ ಮನೆ ಬಂದಾಗ ಕಣ್ಣು ಮುಚ್ಚಿ, "ಕೇಳಿದ್ರಾ? ಸಾವಿರ ಪೇಟಿ ಇಟ್ರೂ ಇದನ್ನ ನಾ ಗುರ್ತ ಹಿಡೀತೇನಿ," ಎನ್ನುತ್ತಿದ್ದರು. ನಮಗೂ ಕೇಳುತ್ತಿತ್ತು. ಕೇಳಿಸದವರು ತಲೆ ಅಲ್ಲಾಡಿಸುತ್ತಿದ್ದರು.

ಆ ಶ್ರಾವಣದಲ್ಲಿ ಮುರಗೋಡದ ಹತ್ತಿರದ ಒಂದು ಊರಿನಲ್ಲಿ ಭಜನಾ ಸ್ಪರ್ಧೆ ಇಟ್ಟಿದ್ದರು. ಮಾಸ್ತರರೇ ನಿರ್ಣಾಯಕರು. ಊಟಕ್ಕೆ ಹೋಳಿಗೆ ಎಂದು ಕೇಳಿ ನಾನೂ ಜೊತೆಗೆ ಹೋದೆ. ಮಧ್ಯಾಹ್ನ ಊಟವಾದ ಮೇಲೆ ನಾಲ್ಕನೆಯ ಮಂಡಳಿ ಹಾಡಲು ಕೂತಿತು. ಪೇಟಿ ನುಡಿಸುತ್ತಿದ್ದವನು ಕಲ್ಲಪ್ಪ, ಅದೇ ಊರಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದವನು. ಹುಬ್ಬಿನ ಮೇಲೂ ಹಿಟ್ಟು ಉಳಿದಿತ್ತು, ಗಿರಣಿ ನಿಲ್ಲಿಸಿ ನೇರವಾಗಿ ಬಂದಿದ್ದ. ಧ್ವನಿ ತೆರೆದ ಎಂದರೆ ಮಂದಿ ಹತ್ತಿರ ಸರಿದು ಕೂಡುತ್ತಿದ್ದರು, ಅಷ್ಟು ಚಂದ ಹಾಡುತ್ತಿದ್ದ. ಎರಡನೆಯ ಪದ ಅರ್ಧಕ್ಕೆ ಬಂದಿರಬೇಕು, ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಮಾಸ್ತರರ ಬಲಗೈ ಮೆಲ್ಲಗೆ ಮೇಲೆದ್ದಿತು.

ಹಾಡು ನಿಂತಿತು. ಮಾಸ್ತರರು ಎದ್ದು ನಿಂತು, "ಈ ಪೇಟಿ ನಮ್ಮದು," ಎಂದರು.

ಕಲ್ಲಪ್ಪ ಮೊದಲು ನಕ್ಕ, ಚೇಷ್ಟೆ ಎಂದುಕೊಂಡ. ನಮ್ಮಪ್ಪ ಮಿರಜದಿಂದ ತಂದದ್ದು ಎಂದ. ಖರೀದಿಯ ಕಾಗದ ಇದೆಯೇ ಎಂದು ಮಾಸ್ತರರು ಕೇಳಿದರು. ಅಪ್ಪ ಸತ್ತೇ ಇಪ್ಪತ್ತು ವರ್ಷವಾಗಿದೆ, ಕಾಗದ ಎಲ್ಲಿಂದ ತರಲಿ ಎಂದ. "ಕಾಗದ ಸುಳ್ಳ ಹೇಳಬಹುದು, ಸ್ವರ ಹೇಳಂಗಿಲ್ಲ," ಎಂದರು ಮಾಸ್ತರರು. ಆ ಮಾತು ಎಷ್ಟೋ ದಿನದಿಂದ ಬಾಯಲ್ಲಿ ಸಿದ್ಧವಾಗಿತ್ತೆಂದು ನನಗೆ ಅನಿಸಿತು. ಮುಂದೆ ಹೋಗಿ ತಾವೇ ಬೆರಳಿಟ್ಟು ಆ ಮನೆಯನ್ನು ಮತ್ತೆ ಮತ್ತೆ ಒತ್ತಿದರು. ಪ್ರತಿ ಸಲವೂ ಅದು ನಡುಗಿತು. ಮುಚ್ಚಳದ ಮೇಲೆ ಅಂಗೈಯಗಲ ವಾರ್ನಿಷ್ ಹೋಗಿತ್ತು. ಅಲ್ಲಿ ಮಂಡಳಿಯ ಹೆಸರಿತ್ತು, ಕೆರೆದು ಹಾಕಿದ್ದಾರೆ ಎಂದರು. ಅದು ತನ್ನಪ್ಪ ತಾಳ ಇಡುತ್ತಿದ್ದ ಜಾಗ ಎಂದು ಕಲ್ಲಪ್ಪ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಮಾಸ್ತರರು ನನ್ನ ಕಡೆ ಕೈ ತೋರಿಸಿದರು. ವಿಜ್ಞಾನದ ಸರ್ ಇದ್ದಾರೆ, ಅವರನ್ನೇ ಕೇಳಿ ಎಂದರು. ನಡುಕವಂತೂ ಇತ್ತು, ಇಲ್ಲವೆನ್ನಲಾದೀತೇ? ಕಂಪನ, ಆವೃತ್ತಿ ಎಂದು ನಾಲ್ಕು ಮಾತು ಹೇಳಿ, ಎರಡು ಪೇಟಿಗಳಲ್ಲಿ ಒಂದೇ ಥರದ ದೋಷ ಇರುವುದು ಬಹಳ ಅಪರೂಪ ಎಂದೆ. ಅಪರೂಪ ಎಂದೆನೇ ಹೊರತು ಸಾಧ್ಯವೇ ಇಲ್ಲ ಎನ್ನಲಿಲ್ಲ.

ಊರಿನ ಹಿರಿಯರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು. ಶ್ರಾವಣ ಮಾಸ, ಪೊಲೀಸರು ಗಿಲೀಸರು ಬೇಡ, ಪೇಟಿ ಕೊಟ್ಟು ಕೈಮುಗಿ ಎಂದರು. ಕಲ್ಲಪ್ಪ ಪೇಟಿಯ ಗಾಳಿ ಇಳಿಸಿ, ಕೊಂಡಿ ಹಾಕಿ, ತಾನು ತಂದಿದ್ದ ಬಟ್ಟೆಯಲ್ಲೇ ಸುತ್ತಿ ಮಾಸ್ತರರ ಮುಂದೆ ಇಟ್ಟ. ಕೈ ಮಾತ್ರ ಮುಗಿಯಲಿಲ್ಲ. "ಒಯ್ರಿ. ಆದ್ರ ನಾ ಕಳ್ಳ ಅಲ್ಲ," ಎಂದು ಎದ್ದು ಹೋದ.

ಬೈಲಹೊಂಗಲದಲ್ಲಿ ಮಾಸ್ತರರಿಗೆ ಶಾಲು ಹೊದಿಸಿದರು. ಮುರಗೋಡದ ಕಡೆಯ ಆ ಊರಿನಲ್ಲಿ ಆದದ್ದು ನನಗೆ ಆಮೇಲೆ ತಿಳಿಯಿತು. ಕಲ್ಲಪ್ಪನ ಮಂಡಳಿ ಒಡೆಯಿತು, ಕಳ್ಳನ ಜೊತೆ ಕೂತು ಯಾರು ಹಾಡುತ್ತಾರೆ? ಮೊದಲು ಕಾಳಿನ ಡಬ್ಬಿಯನ್ನು ಗಿರಣಿಯಲ್ಲಿ ಇಟ್ಟು ಸಂತೆ ಮುಗಿಸಿ ಬರುತ್ತಿದ್ದ ಹೆಂಗಸರು ಈಗ ಬೀಸಿ ಮುಗಿಯುವ ತನಕ ಅಲ್ಲೇ ನಿಂತು ಹಿಟ್ಟು ನೋಡತೊಡಗಿದರು. ಅವನು ಹಾಡುವುದನ್ನು ಬಿಟ್ಟನಂತೆ.

ಮೂರು ತಿಂಗಳಾದ ಮೇಲೆ ಪೇಟಿಗೆ ಗಾಳಿ ಊದುವ ತಿದಿ ಸೋರಲು ಶುರುವಾಯಿತು. ನಾನೂ ಮಾಸ್ತರರೂ ಅದನ್ನು ಸವದತ್ತಿಗೆ ಒಯ್ದೆವು. ಅಲ್ಲಿ ಒಂದು ಸಂದಿಯಲ್ಲಿ ಪೇಟಿ ದುರಸ್ತಿ ಮಾಡುವ ಮುದುಕರೊಬ್ಬರಿದ್ದರು, ಎಲ್ಲರಿಗೂ ಚಾಚಾ. ಸುತ್ತಲ ಮೂರು ನಾಲ್ಕು ತಾಲೂಕಿನ ಪೇಟಿಗಳೆಲ್ಲ ಅವರ ಕೈಯಲ್ಲಿ ಹಾದು ಹೋದವೇ. ಚಾಚಾ ಹಲಗೆ ಬಿಚ್ಚಿ ಒಳಗೆ ನೋಡಿ, ಇದು ಗಿರಣಿ ಕಲ್ಲಪ್ಪನದಲ್ಲವೇ ಎಂದರು. ಒಳಗೆ ತಾವೇ ಅಂಟಿಸಿದ್ದ ಕೆಂಪು ಚರ್ಮದ ತೇಪೆ ತೋರಿಸಿದರು. ಮಾಸ್ತರರು ಆ ನಿಷಾದವನ್ನು ಒತ್ತಿ ತೋರಿಸಿದರು. ಆಗ ಚಾಚಾ ನೆನಪು ಮಾಡಿಕೊಂಡು ಹೇಳಿದ್ದಿಷ್ಟು: ಎರಡು ವರ್ಷದ ಹಿಂದೆ ನಿಮ್ಮ ಮಂಡಳಿಯ ಪೇಟಿ ನನ್ನಲ್ಲಿಗೆ ಬಂದಿತ್ತು, ಕೆಟ್ಟದ್ದೆಲ್ಲ ಸರಿ ಮಾಡಿ ಎಂದಿದ್ದಿರಿ. ನಡುಗುತ್ತಿದ್ದ ರೀಡು ತೆಗೆದು ಹೊಸದು ಕೂರಿಸಿದೆ. ಹಳೆಯದು ಒಳ್ಳೆಯ ಹಿತ್ತಾಳೆ, ಎಸೆಯಲು ಮನಸ್ಸು ಬರಲಿಲ್ಲ. ಅದೇ ವಾರ ಕಲ್ಲಪ್ಪನ ಪೇಟಿಯಲ್ಲಿ ಅದೇ ಸ್ವರದ ರೀಡು ಮುರಿದಿತ್ತು, ಉಜ್ಜಿ ಅದಕ್ಕೆ ಹಾಕಿಕೊಟ್ಟೆ. ನಡುಕ ಪೂರ್ತಿ ಹೋಗಲಿಲ್ಲ.

"ನಿಮ್ಮ ಪೇಟ್ಯಾಗ ನಡುಕ ನಿಂತು ಎರಡ ವರ್ಷ ಆತಲ್ರಿ. ನಿಮಗ ಗೊತ್ತಾಗಿರಬೇಕಲ್ಲ ಮಾಸ್ತರ, ನಿಮ್ಮ ಕಿವಿ..." ಎಂದ ಚಾಚಾ ಮಾಸ್ತರರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಇಲ್ಲದ ನಡುಕವನ್ನು ಆ ಮಹಾ ಕಿವಿ, ಪೇಟಿ ಕಳುವಾಗುವ ತನಕ ಪ್ರತಿ ಭಜನೆಯಲ್ಲೂ ಕೇಳಿತ್ತು. ನಮಗೂ ಕೇಳಿಸಿತ್ತು. ಇದಕ್ಕಿಂತ ನಗೆಪಾಟಲಿನ ಸಂಗತಿ ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ. ವಾಪಸ್ಸು ಬರುವಾಗ ಮಾಸ್ತರರು ಪೇಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಬೈಲಹೊಂಗಲ ಹತ್ತಿರ ಬಂದಾಗ, "ಸಮಯ ನೋಡಿ ನಾನ ಹೇಳತೇನಿ. ನೀವು ಸುಮ್ನಿರ್ರಿ," ಎಂದರು. ಹೇಳಬೇಕಾದವರು ಅವರು, ನಾನೇಕೆ ನಡುವೆ ಬಾಯಿ ಹಾಕಲಿ? ಸುಮ್ಮನಿದ್ದೆ. ಚಾಚಾ ಮರುವರ್ಷ ತೀರಿಕೊಂಡರು.

ಆಮೇಲೆ ಹತ್ತು ವರ್ಷ ಮಾಸ್ತರರು ಬದುಕಿದ್ದರು. ನಿವೃತ್ತರಾದರು, ಕಿವಿಗೆ ವೈರು ಸಿಕ್ಕಿಸಿಕೊಂಡು ಮೊಬೈಲಿನಲ್ಲೇ ಕೊಲೆಗಳನ್ನು ನೋಡತೊಡಗಿದರು. ಬೆಳಿಗ್ಗೆ ಆರಕ್ಕೇ ಫೋನು ಮಾಡಿ, ಮೂರನೆಯ ಕಂತಿನಲ್ಲಿ ಮಾವ ಬಂದಾಗ ಕೊಳಲು ಅಪಸ್ವರ ಹಿಡಿಯಿತು, ಅವನೇ ಕೊಂದದ್ದು ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಎಲ್ಲ ಕೊಲೆಗಾರರನ್ನೂ ಹಿಡಿಯುವ ಮನುಷ್ಯನಿಗೆ ಒಂದು ಭಜನೆಯಲ್ಲಿ ಎದ್ದು ನಿಂತು, ನಾನು ತಪ್ಪಿದೆ, ಈ ಪೇಟಿ ಕಲ್ಲಪ್ಪನದು ಎನ್ನಲು ಧೈರ್ಯವಿರಲಿಲ್ಲ. ಹೇಳಿದರೆ ಕಿವಿ ಹೋಗುತ್ತದಲ್ಲ. ಅವರ ಹತ್ತಿರ ಇದ್ದದ್ದು ಅದೊಂದೇ. ಪ್ರತಿ ಸೋಮವಾರ ಆ ಪೇಟಿಯ ಮುಂದೆಯೇ ಮಂಡಳಿ ಹಾಡುತ್ತಿತ್ತು, ಅವರು ತಾಳ ಹಾಕುತ್ತ ಕೂಡುತ್ತಿದ್ದರು. ಅಂಥವರ ಬಗ್ಗೆ ನನ್ನಲ್ಲಿ ಹುಟ್ಟಿದ ತಾತ್ಸಾರವನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ. ಮನಸ್ಸಿನಲ್ಲಂತೂ ಮುಚ್ಚಿಟ್ಟಿಲ್ಲ.

ಶ್ರದ್ಧಾಂಜಲಿ ಸಭೆಯಲ್ಲಿ ಕೊನೆಗೆ ನನ್ನನ್ನು ಕರೆದರು. ಅವರ ಫೋಟೋದ ಮುಂದೆ ಅದೇ ಪೇಟಿ ಇಟ್ಟು ಹೂ ಏರಿಸಿದ್ದರು. ಇವತ್ತು ಹೇಳಿಯೇ ಬಿಡುತ್ತೇನೆಂದು ಎದ್ದೆ. ಮೈಕಿನ ಮುಂದೆ ನಿಂತಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಕಲ್ಲಪ್ಪ ಕಂಡ. ತಲೆ ಪೂರ್ತಿ ಬೆಳ್ಳಗಾಗಿತ್ತು, ಈ ಸಲ ಹಿಟ್ಟಿನಿಂದಲ್ಲ. ಅವನು ಯಾಕೆ ಬಂದಿದ್ದಾನೆಂದು ತಿಳಿಯದೆ ನನ್ನ ಮಾತು ಹಾದಿ ತಪ್ಪಿತು. ಮಾಸ್ತರರಂಥ ಕಿವಿ ಇನ್ನೊಂದು ಸಿಗದು ಎಂದು ಹೇಳಿ ಕೆಳಗಿಳಿದೆ. ಚಪ್ಪಾಳೆ ಬಿತ್ತು.

ಒಳಗೆ ಚಹಾ ಕೊಡುವಾಗ ಕಲ್ಲಪ್ಪ ಎದ್ದು ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದ. ಹಿಂದೆಯೇ ಹೋಗಿ ಪಕ್ಕಕ್ಕೆ ಕರೆದೆ. ದನಿ ತಗ್ಗಿಸಿ ಚಾಚಾನ ಸಂಗತಿಯನ್ನೆಲ್ಲ ಹೇಳಿದೆ. ಮಾಸ್ತರ ಹೇಡಿ, ಗೊತ್ತಿದ್ದೂ ನಿನ್ನ ಮೇಲಿನ ಕಳಂಕ ತೊಡೆಯಲಿಲ್ಲ ಎಂದೂ ಸೇರಿಸಿದೆ. ಅವನಿಗೆ ದೊಡ್ಡ ಉಪಕಾರ ಮಾಡುತ್ತಿದ್ದೇನೆಂದೇ ನನಗೆ ಅನಿಸಿತ್ತು.

"ಗೊತ್ತೈತ್ರಿ ಸರ್," ಎಂದ ಕಲ್ಲಪ್ಪ.

ಸವದತ್ತಿಯಿಂದ ಬಂದ ಮರುದಿನವೇ ಮಾಸ್ತರರು ಗಿರಣಿಗೆ ಹೋಗಿದ್ದರಂತೆ. ಗಿರಣಿ ಓಡುವ ಸದ್ದಿನಲ್ಲೇ ಎಲ್ಲ ಹೇಳಿದರಂತೆ, ಹಿಟ್ಟಿನ ನೆಲದ ಮೇಲೆ ಕೂತು ಅತ್ತರಂತೆ. ಬರುವ ಶ್ರಾವಣದಲ್ಲಿ ಮಂದಿಯ ಮುಂದೆ ಹೇಳುತ್ತೇನೆ ಎಂದಿದ್ದರಂತೆ. ಹೇಳಲಿಲ್ಲ. ಆದರೆ ಮರುವರ್ಷ ಮತ್ತೆ ಹೋಗಿ, ಈ ಸಲ ತಪ್ಪಿಸುವುದಿಲ್ಲ ಎಂದರಂತೆ. ಹೀಗೆ ಪ್ರತಿ ವರ್ಷ. ಕಲ್ಲಪ್ಪನ ಹೆಂಡತಿ ಮೊದಲೆರಡು ವರ್ಷ ಬಾಯಿಗೆ ಬಂದಂತೆ ಬೈದು ಕಳಿಸಿದಳು, ಆಮೇಲೆ ಚಹಾ ಮಾಡಿ ಕೊಡತೊಡಗಿದಳು. ಹೋದ ವರ್ಷ ಕೋಲೂರಿಕೊಂಡು ಹೋಗಿದ್ದರಂತೆ.

"ಅಂಜಬುರುಕ ಇದ್ರು, ಹೇಳಲಿಲ್ಲ. ಆದ್ರ ಬರತಿದ್ರು," ಎಂದ ಕಲ್ಲಪ್ಪ. ಚಪ್ಪಲಿ ಸಿಕ್ಕಿತು, ಹಾಕಿಕೊಳ್ಳಲಿಲ್ಲ. "ನಿಮಗೂ ಗೊತ್ತೈತಿ ಅಂತ ಅವತ್ತ ಹೇಳಿದ್ರು. ನೀವು ಬರಲಿಲ್ಲ."

ಹತ್ತು ವರ್ಷ ಮಾಸ್ತರರ ಮೇಲೆ ಸುರಿದಿದ್ದ ತಾತ್ಸಾರವೆಲ್ಲ ಒಂದೇ ಸಲಕ್ಕೆ ನನ್ನ ಕಡೆ ತಿರುಗಿತು. ನಾಚಿಕೆಯಾಯಿತು. ಅವರು ಹೇಡಿ ಎನ್ನುವುದು ಈಗಲೂ ನಿಜ. ಆದರೆ ಆ ಹೇಡಿ ವರ್ಷಕ್ಕೊಮ್ಮೆಯಾದರೂ ಹೋಗಿ ಅವನ ಮುಖ ನೋಡಿ ಬರುತ್ತಿದ್ದ. ಕಂಪನ, ಆವೃತ್ತಿ ಎಂದು ಸಾಕ್ಷಿ ಹೇಳಿದ್ದ ನಾನು ಆ ಊರಿನ ಬಸ್ಸನ್ನೂ ಹತ್ತಿರಲಿಲ್ಲ.

"ಒಳಗ ಮಂದಿ ಇನ್ನೂ ಕುಂತಾರ್ರಿ. ಈಗ ಹೇಳ್ರಿ," ಎಂದ.

ಒಳಗೆ ಹೋದೆ. ಮೈಕು ಬಿಚ್ಚುತ್ತಿದ್ದರು, ಬಾಯಿಯಿಂದಲೇ ಹೇಳಿದೆ. ರೀಡಿನ ವಿಷಯ, ಚಾಚಾನ ಮಾತು, ಅವತ್ತು ನಾನು ಕೊಟ್ಟ ಸಾಕ್ಷಿ, ಆಮೇಲಿನ ನನ್ನ ಮೌನ, ಯಾವುದನ್ನೂ ಬಿಡಲಿಲ್ಲ. ಯಾರೂ ಚಹಾ ಕುಡಿಯಲಿಲ್ಲ. ಇದು ಇವತ್ತು ಹೇಳುವ ಮಾತೇ ಎಂದು ಅಧ್ಯಕ್ಷರು ಸಿಟ್ಟಾದರು. ನಿಮಗೆ ಹತ್ತು ವರ್ಷದಿಂದ ಗೊತ್ತಿತ್ತೇ ಎಂದು ನಮ್ಮ ಶಾಲೆಯ ಹಳೆಯ ಜವಾನ ಕೇಳಿದ. ಹೌದು ಎಂದೆ. ಅವನು ಮುಖ ತಿರುಗಿಸಿದ.

ಅಷ್ಟರಲ್ಲಿ ಕಲ್ಲಪ್ಪ ಸಾಲುಗಳ ನಡುವಿನಿಂದ ಮುಂದೆ ಬಂದ. ಪೇಟಿಯ ಮೇಲಿನ ಹೂಗಳನ್ನು ಎರಡೂ ಕೈಯಲ್ಲಿ ಬಾಚಿ ಮಾಸ್ತರರ ಫೋಟೋದ ಮುಂದೆ ಇಟ್ಟು ಕೈಮುಗಿದ. ತಿದಿ ಮುಚ್ಚಿ ಕೊಂಡಿ ಹಾಕಿದ. ಯಾರೂ ತಡೆಯಲಿಲ್ಲ. ವಯಸ್ಸಾದವನು, ಭಾರವಾದೀತೆಂದು ನಾನು ಇನ್ನೊಂದು ಬದಿ ಹಿಡಿಯಲು ಕೈ ಚಾಚಿದೆ.

"ಬ್ಯಾಡ್ರಿ ಸರ್," ಎಂದ, "ನನ್ನ ಪೇಟಿ ನಾನ ಒಯ್ಯತೇನಿ."